ಗಡಿಯ ಮೇಲಿನ ನಿದ್ದೆ

ಅಂಗಗಳ ವಿಮೆಗೆ ರಾಜ್ಯಕ್ಕೊಂದು ದರ ಬಂದ ಮೇಲೆ ಗಡಿಯ ಮೇಲಿರುವ ಮನೆಗಳಿಗೆ ಭಾರಿ ಬೇಡಿಕೆ. ಮಲಗಿದಾಗ ಯಾವ ಅಂಗ ಯಾವ ರಾಜ್ಯದಲ್ಲಿರುತ್ತದೋ ಅದಕ್ಕೆ ಅಲ್ಲಿಯ ದರ. ದುಂಡವ್ವನ ಪಡಸಾಲೆಯಲ್ಲೂ ಗಡಿಯ ಕೆಂಪು ಪಟ್ಟಿ ಹಾದುಹೋಗಿತ್ತು.

ಸೋಮವಾರ ಆಕೆಯ ಹೃದಯದ ಶಸ್ತ್ರಚಿಕಿತ್ಸೆ. ಅಷ್ಟರೊಳಗೆ ಪೂರಕ ವಿಮೆ ಆಗದಿದ್ದರೆ ಆಸ್ಪತ್ರೆಯವರು ಸೇರಿಸಿಕೊಳ್ಳುವುದಿಲ್ಲ. ಸೊಸೆ ಸುವರ್ಣಾ ಎಲ್ಲ ಕಂಪನಿಗಳ ದರ ಹೋಲಿಸಿ ನೋಡಿದ್ದಳು. ಕೈಗೆಟುಕುವಂಥದ್ದು ಒಂದೇ: ಹೃದಯ ಮಹಾರಾಷ್ಟ್ರದಲ್ಲಿ, ಮೊಣಕಾಲು ಕರ್ನಾಟಕದಲ್ಲಿ. ಆದರೆ ಮಹಾರಾಷ್ಟ್ರ ಇದ್ದದ್ದು ಉತ್ತರಕ್ಕೆ.

"ಉತ್ತರಕ್ಕ ತಲಿ ಹಾಕಿ ಮಲಗಾಕ ನಾ ಏನ್ ಹೆಣಾ ಏನ?" ದುಂಡವ್ವ ಹಾಸಿಗೆಯನ್ನೇ ಸುತ್ತಿಟ್ಟಳು.

"ಅತ್ತಿ, ದಕ್ಷಿಣಕ್ಕಾದ್ರ ನಾಕ್ ಪಟ್ಟು ರೊಕ್ಕಾ. ಎಲ್ಲಿಂದ ತರೂಣು?"

ವಿಮಾ ಕಂಪನಿಯ ಮಗದುಮ್ ಅಳತೆಯ ಟೇಪು ಹಿಡಿದು ನಿಂತಿದ್ದ. ಆಕೆ ನಿದ್ದೆ ಮಾಡುವುದನ್ನು ಅವನು ಕಣ್ಣಾರೆ ನೋಡದೆ ಪಾಲಿಸಿ ಇಲ್ಲ.

"ಕುಂತ ನಿದ್ದಿ ಮಾಡಿದ್ರ ನಡೀತೈತೇನ್ರಿ?" ಸುವರ್ಣಾ ಕೇಳಿದಳು.

ಅವನು ಯೋಚಿಸಿದ. "ನಿದ್ದಿ ಬಂದ್ರ ಸಾಕ್ರಿ."

ಪಟ್ಟಿಗೆ ಒತ್ತಿ ಕುರ್ಚಿಯನ್ನು ಮಹಾರಾಷ್ಟ್ರದಲ್ಲಿಟ್ಟರು. ಕಾಲುಗಳನ್ನು ಕರ್ನಾಟಕದ ಮಣೆಯ ಮೇಲೆ ಚಾಚಿಸಿದರು. ಮಧ್ಯಾಹ್ನದ ಊಟ ಆಗಿತ್ತು. ದುಂಡವ್ವ ಗೊರಕೆ ಹೊಡೆಯತೊಡಗಿದಳು. ಮಗದುಮ್ ಎದೆ ಎಲ್ಲಿದೆ, ಮೊಣಕಾಲು ಎಲ್ಲಿದೆ ಎಂದು ಅಳೆದು, ತೃಪ್ತನಾಗಿ ಪೆನ್ನು ತೆಗೆದ. ಅಷ್ಟರಲ್ಲಿ ಮುದುಕಿಯ ತಲೆ ಮೆಲ್ಲಗೆ ಮುಂದಕ್ಕೆ ವಾಲಿ ಪಟ್ಟಿ ದಾಟಿತು.

"ತಲಿ ಕರ್ನಾಟಕಕ್ಕ ಬಂತಲ್ರೀ!"

"ತಲಿಗೆ ವಿಮಾ ಮಾಡಿಸಿಲ್ರಿ, ನೀವು ಸಹಿ ಮಾಡ್ರಿ," ಎಂದಳು ಸುವರ್ಣಾ. "ಅದು ಯಾವತ್ತೂ ಯಾರ ಮಾತೂ ಕೇಳಿದ್ದಲ್ಲ."