ಗಂಧಕದ ಬಣ್ಣ

“ಯರ್ರಮ್ಮಕ್ಕಾ, ನಾನು ಹೇಳಿದ್ದು ಅರಿಶಿನದ ಬಣ್ಣ. ಇದ್ಯಾವುದು?”

ಚಳ್ಳಕೆರೆಯಿಂದ ಬೆಳಗಿನ ಬಸ್ಸಿಗೇ ಮೊಳಕಾಲ್ಮೂರಿಗೆ ಬಂದಿದ್ದ ಆಶಾ ಟೀಚರು ರೇಷ್ಮೆ ಸೀರೆಯ ಸೆರಗನ್ನು ಬಾಗಿಲ ಬಿಸಿಲಿಗೆ ಹಿಡಿದಿದ್ದರು. ಹಳದಿಯೇನೋ ಹೌದು, ಆದರೆ ಹಸಿರಿಗೆ ತಿರುಗಲೋ ಬೇಡವೋ ಎಂದು ಅನುಮಾನಿಸುತ್ತ ನಿಂತ ಹಳದಿ. ಒಳಗೆ ಮಗ್ಗದ ಗುಂಡಿಯಲ್ಲಿ ಕೂತಿದ್ದ ಯರ್ರಮ್ಮನ ಗಂಡ ಪೆದ್ದಣ್ಣ ತಲೆಯನ್ನು ಇನ್ನಷ್ಟು ತಗ್ಗಿಸಿದ. ನೂಲಿಗೆ ಬಣ್ಣ ಹಾಕಿದವನು ಅವನೇ. ಟೀಚರು ಬೇಡವೆಂದು ಎದ್ದರೆ ಇಬ್ಬರ ಇಪ್ಪತ್ತು ದಿನದ ದುಡಿಮೆ ಟ್ರಂಕಿನ ತಳ ಸೇರುತ್ತಿತ್ತು.

ಯರ್ರಮ್ಮ ಮಾತ್ರ ನಕ್ಕಳು. “ಅರಿಶಿನ ಎಲ್ರೂ ಉಡ್ತಾರೆ ಟೀಚರೇ. ಇದು ಗಂಧಕದ ಬಣ್ಣ.”

“ಗಂಧಕದ್ದಾ? ಕುರಿ ಕಜ್ಜಿಗೆ ಎಣ್ಣೇಲಿ ಕಲಸಿ ಹಚ್ತಾರಲ್ಲ, ಅದಾ?”

“ಅದು ಗಂಧಕದ ಎಣ್ಣೆ. ಗಂಧಕದ ವಾಸನೆ ಅಂದ್ರೆ ಮೂಗು ಮುಚ್ಕೋಬೇಕು, ಒಪ್ತೀನಿ. ಗಂಧಕದ ಬಣ್ಣ ಅಂದ್ರೆ ಬ್ಯಾರೇನೇ ಮಾತು. ಪುಡಿ ಪೊಟ್ಣ ಬಿಚ್ಚಿದಾಗ ನೋಡಿಲ್ವಾ ಹೆಂಗೈತೆ ಅಂತ? ಮಕ್ಕಳಿಗೆ ವಿಜ್ಞಾನ ಹೇಳ್ಕೊಡೋರು ನೀವು, ನಾನೇನು ಹೇಳ್ಲಿ!”

ಟೀಚರು ಸೆರಗನ್ನು ಮತ್ತೊಮ್ಮೆ ಬಿಸಿಲಿಗೆ ತಿರುಗಿಸಿದರು. ಶಾಲೆಯ ಪ್ರಯೋಗದ ಗಂಧಕದ ಸೀಸೆ ಕಣ್ಣ ಮುಂದೆ ಬಂದಿರಬೇಕು. “ಹೌದಲ್ಲ, ಥೇಟ್ ಅದೇ” ಎಂದರು. “ಬೇರೆ ಯಾರಿಗಾದ್ರೂ ನೇಯ್ದಿದ್ದೀರಾ ಇದನ್ನ?”

“ಆಣೆ ಮಾಡಿ ಹೇಳ್ತೀನಿ, ಇಡೀ ಮೊಳಕಾಲ್ಮೂರಲ್ಲಿ ಇದೊಂದೇ.”

ಆ ಮಾತಿನಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ. ಸೀರೆ ಚಳ್ಳಕೆರೆ ಬಸ್ಸು ಹತ್ತಿತು.

ಐದನೇ ದಿನ ಟೀಚರ ಫೋನು. “ಅಕ್ಕಾ, ಸ್ಕೂಲಲ್ಲಿ ಎಲ್ರೂ ಕೇಳಿದ್ದೇ ಕೇಳಿದ್ದು! ನಮ್ಮ ಹೆಡ್‌ಮೇಡಂಗೆ ಒಂದು, ನಮ್ಮ ನಾದಿನಿಗೆ ಒಂದು. ಗಂಧಕದ್ದೇ ಆಗ್ಬೇಕು ನೋಡಿ. ಅರಿಶಿನ ಆದ್ರೆ ಮುಟ್ಟೋದೂ ಇಲ್ಲ ಅಂತಿದ್ದಾರೆ.”

“ಅದಕ್ಕೇನಂತೆ ಟೀಚರೇ, ಆಗ್ತೈತೆ” ಎಂದು ಫೋನಿಟ್ಟು ಯರ್ರಮ್ಮ ಗಂಡನ ಕಡೆ ತಿರುಗಿದಳು. “ಅವತ್ತು ಏನೇನು ಹಾಕಿದ್ದೆ?”

“ಗೊತ್ತಿದ್ರೆ ಯಾಕೆ ಹಾಕ್ತಿದ್ದೆ?” ಎಂದ ಪೆದ್ದಣ್ಣ.

ಹಿತ್ತಲಲ್ಲಿ ಒಲೆ ಹೊತ್ತಿತು. ಪೆದ್ದಣ್ಣ ಡಬ್ಬಿಗಳನ್ನೆಲ್ಲ ಮುಂದಿಟ್ಟುಕೊಂಡು ಒಂದೊಂದು ಚಿಟಿಕೆ ಹಾಕಿದ, ಕದಡಿದ, ರೇಷ್ಮೆಯ ಲಡಿಯನ್ನು ಕುದಿನೀರಲ್ಲಿ ಅದ್ದಿ, ಕೋಲಿನಿಂದ ಮೇಲಕ್ಕೆತ್ತಿದ. ಹನಿ ತೊಟ್ಟಿಕ್ಕುತ್ತ ಎದ್ದು ಬಂತು, ಇಪ್ಪತ್ತು ವರ್ಷದಲ್ಲಿ ಅವನ ಕೈಗೆ ಒಮ್ಮೆಯೂ ದಕ್ಕಿರದಷ್ಟು ಅಚ್ಚುಕಟ್ಟಾದ ಅರಿಶಿನದ ಬಣ್ಣ.