ನಾಲ್ಕನೆಯ ಸ್ಕ್ರೂ

ಸ್ಕ್ರೂಡ್ರೈವರನ್ನು ಬೆನ್ನ ಹಿಂದೆ ಅಡಗಿಸಿಕೊಳ್ಳುವುದು ಒಂದು ಕ್ಷಣ ತಡವಾಯಿತು. ಲಾಡ್ಜಿನ ಕೌಂಟರ್ ನೋಡಿಕೊಳ್ಳುವ ಹುಡುಗಿ ಚಹಾದ ಲೋಟ ಹಿಡಿದು ಕೋಣೆಯ ಬಾಗಿಲಲ್ಲೇ ನಿಂತಿದ್ದಳು.

"ಏನ್ ಸಾರ್, ಚಿಲಕ ಸಡಿಲ ಇತ್ತಾ?"

"ಇಲ್ಲಮ್ಮ, ಸುಮ್ನೆ ನೋಡ್ತಿದ್ದೆ."

"ನೋಡಿ ಸಾರ್, ಚೆನ್ನಾಗಿ ನೋಡಿ." ಲೋಟ ಇಟ್ಟು, ನಗು ಒತ್ತಿಹಿಡಿದು ಹೋದಳು.

ಬದುಕಿದೆಯಾ ಬಡಜೀವವೇ ಎಂದುಕೊಂಡು ಬೀಗದಪ್ಪ ಚಿಲಕದ ನಾಲ್ಕನೆಯ ಸ್ಕ್ರೂ ಬಿಗಿದ. ಮೂರು ಬಿಗಿ, ನಾಲ್ಕನೆಯದು ಸಡಿಲ. ಇದು ಆರನೆಯ ಊರು, ಆರನೆಯ ಲಾಡ್ಜು, ಎಲ್ಲೆಲ್ಲೂ ಇದೇ ಹಣೆಬರಹ. ನಾಲ್ಕನೆಯ ಸ್ಕ್ರೂ ಹೊತ್ತಿಗೆ ಈಗಿನ ಬಡಗಿಗಳಿಗೆ ಊಟದ ನೆನಪಾಗುತ್ತದೆಂದು ಕಾಣುತ್ತದೆ. ತಾನು ಬರದೇ ಇದ್ದಿದ್ದರೆ ಮಗಳ ಗತಿ ಏನು?

ನಲವತ್ತು ವರ್ಷ ಬೀಗ ರಿಪೇರಿ ಮಾಡಿದವನಿಗೆ ಬಂದ ಹೆಸರು ಬೀಗದಪ್ಪ. ಹೆಂಡತಿ ತೀರಿಕೊಂಡ ಮೇಲೆ ಅಂಗಡಿಗೇ ಬೀಗ ಬಿತ್ತು. ಎರಡು ವರ್ಷ ಮಂಚದಿಂದ ಕಿಟಕಿ, ಕಿಟಕಿಯಿಂದ ಮಂಚ. ಮಗಳಿಗೆ ಈ ಕೆಲಸ ಸಿಗದಿದ್ದರೆ ಈಗಲೂ ಅಲ್ಲೇ ಇರುತ್ತಿದ್ದ. ಹಲ್ಲಿನ ಆಸ್ಪತ್ರೆಗಳಿಗೆ ಕುರ್ಚಿ ಕೂರಿಸುವ ಕೆಲಸ. ಒಮ್ಮೆ ಹೋಗಿ ಅಳತೆ ತೆಗೆದು ಅದೇ ದಿನ ವಾಪಸ್. ಮೂರು ವಾರ ಬಿಟ್ಟು ಕುರ್ಚಿಯ ಜೊತೆ ಹೋಗಿ ನಾಲ್ಕು ದಿನ ಅಲ್ಲೇ ವಾಸ. ಗೊತ್ತಿಲ್ಲದ ಊರು, ಅಗ್ಗದ ಲಾಡ್ಜು, ಒಂಟಿ ಹುಡುಗಿ. ಬೀಗದವನಿಗೆ ಬಾಗಿಲುಗಳ ಮೇಲೆ ನಂಬಿಕೆ ಕಡಿಮೆ. ನಾನೂ ಜೊತೆಗೆ ಬರುತ್ತೇನೆಂದ.

ಮಗಳು ಸೊಂಟಕ್ಕೆ ಕೈಯಿಟ್ಟು ನಿಂತಳು. "ಅಪ್ಪಾ, ನನ್ನ ಹಿಂದೆ ಬಂದ್ಯೋ, ನೋಡು, ಮಾತೇ ಆಡಲ್ಲ."

ಆಡಿದಂತೆ ಮಾಡುವವಳು. ಮನೆಯಲ್ಲಿ ಇರುವುದೇ ಇಬ್ಬರು. ಅವಳು ಮಾತು ಬಿಟ್ಟರೆ ಉಳಿಯುವುದು ಗೋಡೆ. ಬೀಗದಪ್ಪ ಹಿಂದೆ ಹೋಗಲಿಲ್ಲ. ಒಂದು ವಾರ ಮುಂಚೆ ಹೋದ.

ಅವಳು ಎಲ್ಲಿ ಉಳಿಯುತ್ತಾಳೆಂಬ ಗುಟ್ಟು ತಿಳಿಯುವುದೇನೂ ಕಷ್ಟವಿರಲಿಲ್ಲ. ಮಗಳ ಬಾಯಲ್ಲಿ ಮಾತು ನಿಲ್ಲದು. ಊಟಕ್ಕೆ ಕೂತಾಗ ಲಾಡ್ಜಿನ ಹೆಸರನ್ನು ಎರಡೆರಡು ಸಲ ಹೇಳುತ್ತಿದ್ದಳು, ಯಾವ ಬಸ್ಸು ಹತ್ತಿದರೆ ಹತ್ತಿರ ಎಂಬುದನ್ನೂ. ಹಳೆಯ ಗೆಳೆಯನ ಮನೆಗೆ ಹೋಗಿಬರುತ್ತೇನೆಂದರೆ ಯಾವ ಗೆಳೆಯ ಎಂದು ಒಮ್ಮೆಯೂ ಕೇಳಲಿಲ್ಲ. ಪಾಪ, ಮುಗ್ಧೆ.

ಹೋಗಿಬಂದ ಮೇಲೆ, ಹುಡುಗ ಹುಡುಗಿಯರು ಅಗ್ಗದ ಲಾಡ್ಜು ಹುಡುಕಲು ಮೊಬೈಲಿನಲ್ಲಿ ನೋಡುವ ಪುಟದಲ್ಲಿ ಬೀಗದಪ್ಪ 'ಹೆಗಲುಚೀಲದ ಹುಡುಗ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ. ಬಸ್ಸಿನಲ್ಲಿ ಕಿವಿಗೆ ಬಿದ್ದ ಎಳೆಯರ ಮಾತನ್ನು ಮೇಲೆ ಚಿಮುಕಿಸುವುದು: "ಗುರೂ, ಸಖತ್ ಜಾಗ. ಅಗುಳಿ ಗಟ್ಟಿ ಕಬ್ಬಿಣದ್ದು, ಕೀಲಿಗೆ ಎಣ್ಣೆ ಬಿಟ್ಟಿದ್ದಾರೆ."

ಮಗಳು ಅದನ್ನು ಗಟ್ಟಿಯಾಗಿ ಓದುತ್ತಿದ್ದಳು. "ಈ ಹುಡುಗನ್ನ ನಂಬಬಹುದು ಅಪ್ಪ. ಸ್ವಲ್ಪ ಅನುಮಾನದ ಪ್ರಾಣಿ, ಆದ್ರೆ ಮನಸ್ಸು ಒಳ್ಳೇದು. ಅಲ್ಲೇ ಉಳ್ಕೋತೀನಿ."

ಅಂಥ ದಿನ ಬೀಗದಪ್ಪ ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದ.

ಈ ಲಾಡ್ಜೂ ಪರವಾಗಿಲ್ಲ. ಮೂರು ಮಹಡಿ, ಆದರೂ ಕೋಣೆ ಸಿಕ್ಕಿದ್ದು ನೆಲಮಹಡಿಯಲ್ಲಿ, ಮೊಣಕಾಲು ಬಚಾವಾಯಿತು. ದಿಂಬು ಕತ್ತಿಗೆ ಹೇಳಿ ಮಾಡಿಸಿದಷ್ಟು ತೆಳು. ಚಹಾಕ್ಕೆ ಸಕ್ಕರೆ ಬೇಡ ಎನ್ನುವ ಮೊದಲೇ ಹಾಕಿರಲಿಲ್ಲ. ಇಷ್ಟಾದರೂ ಬಾಡಿಗೆ ಎಷ್ಟು ಕಡಿಮೆಯೆಂದರೆ, ಕೇಳಿದವರು ಛತ್ರವೇ ಎನ್ನಬೇಕು. ಲಾಡ್ಜು ಆರಿಸುವುದರಲ್ಲಿ ಮಗಳು ಜಾಣೆ ಎಂದು ಒಪ್ಪಿಕೊಂಡ.

ಬೀದಿಯ ಆಚೆ ಹಳೆಯ ಗಡಿಯಾರಗಳ ಸಂಗ್ರಹಾಲಯ. ಹಿಂದಿನ ಊರಿನಲ್ಲಿ ಎದುರಿಗೇ ಹಳೆಯ ರೈಲು ಇಂಜಿನ್ನುಗಳ ಶೆಡ್ಡು ಇತ್ತು, ಅದರ ಹಿಂದಿನ ಊರಿನಲ್ಲಿ ದೋಣಿ ಬಾಡಿಗೆಗೆ ಸಿಗುವ ಕೆರೆ. ಹಲ್ಲಿನ ಕುರ್ಚಿಗೂ ಇವಕ್ಕೂ ಎತ್ತಣಿಂದೆತ್ತ ಸಂಬಂಧ? ಇರಲಿ, ಹೇಗೂ ಬಂದದ್ದಾಯಿತು ಎಂದು ಒಳಹೊಕ್ಕವನು ಮೂರು ತಾಸು ಹೊರಗೆ ಬರಲಿಲ್ಲ. ನಿಂತುಹೋಗಿದ್ದ ಒಂದು ಗೋಡೆ ಗಡಿಯಾರದ ಮುಂದೆ ಅಲ್ಲಿನ ಕಾವಲುಗಾರನಿಗೆ ಸ್ಪ್ರಿಂಗಿನ ಪಾಠವನ್ನೇ ಮಾಡಿದ. ಹೆಂಡತಿ ಇದ್ದಿದ್ದರೆ, ಸಾಕು ಬನ್ನಿ ಎಂದು ತೋಳು ಹಿಡಿದು ಎಳೆಯುತ್ತಿದ್ದಳು ಎಂದು ನೆನಪಾಯಿತು. ಅಳು ಬರುತ್ತದೇನೋ ಎಂದು ಹೆದರಿದ. ಬಂದದ್ದು ನಗು.

ಮಧ್ಯಾಹ್ನ ಕೋಣೆ ಬಿಟ್ಟು ಕೌಂಟರಿಗೆ ಬಂದಾಗ ಹೆಗಲುಚೀಲ ಹೊತ್ತ ಹುಡುಗರ ದಂಡು ನೆರೆದಿತ್ತು. ಬರೆಯುವುದನ್ನು ಬಿಸಿಬಿಸಿ ಇರುವಾಗಲೇ ಗುರುತು ಮಾಡಿಕೊಳ್ಳೋಣವೆಂದು ಒಂದು ಹಾಳೆ ಕೇಳಿದ. ಹುಡುಗಿ ಗಡಿಬಿಡಿಯಲ್ಲಿ ಖಾನೆಯಿಂದ, ಒಂದೇ ಮಗ್ಗುಲು ಬರೆದಿದ್ದ ಹಳೆಯ ಹಾಳೆ ಎಳೆದುಕೊಟ್ಟಳು.

"ಚಿಲಕ ಈಗ ಹೇಗಿದೆ ಸಾರ್?"

"ಇನ್ನು ಹತ್ತು ವರ್ಷ ಅಲ್ಲಾಡಲ್ಲ," ಎಂದುಬಿಟ್ಟ. ಆಮೇಲೆ ನಾಲಿಗೆ ಕಚ್ಚಿಕೊಂಡ.

ಮೂಲೆಯ ಬೆಂಚಿನಲ್ಲಿ ಕೂತು ಬರೆದ: "ಗುರೂ, ಸಖತ್ ಜಾಗ. ಬಂದವರ ಮುಖ ನೋಡಿಯೇ ಬೇಕುಬೇಡ ತಿಳಿಯುವ ಜನ. ನಿನ್ನ ತಂಗಿಯನ್ನು ಧೈರ್ಯವಾಗಿ ಕಳಿಸು. ಐದಕ್ಕೆ ಐದು." ಇನ್ನೂ ಬರೆಯುವುದಿತ್ತು. ಹಾಳೆ ತಿರುಗಿಸಿದ.

ದುಂಡು ಅಕ್ಷರ. ಸ್ಲೇಟಿನ ಮೇಲೆ ಕೈಹಿಡಿದು ಅವನೇ ತಿದ್ದಿಸಿದ ಅಕ್ಷರ. ಮೇಲೆ ಎರಡು ವಾರದ ಹಿಂದಿನ ತಾರೀಕು, ಮಗಳು ಅಳತೆಗೆಂದು ಈ ಊರಿಗೆ ಬಂದುಹೋದ ದಿನದ್ದು.

"ಇನ್ನೆರಡು ವಾರಕ್ಕೆ, ಬುಧವಾರ, ನಮ್ಮಪ್ಪ ಬರುತ್ತಾರೆ. ಕೋಣೆ ಅವರಿಗೇ, ನನಗೆ ಕಂಪನಿಯ ಗೆಸ್ಟ್‌ಹೌಸ್ ಇದೆ. ಅಮ್ಮ ಹೋದ ಮೇಲೆ ಎರಡು ವರ್ಷ ಹೊಸ್ತಿಲು ದಾಟಿರಲಿಲ್ಲ, ಈಗ ಐದು ಊರು ನೋಡಿದ್ದಾರೆ. ನೆಲಮಹಡಿ, ತೆಳು ದಿಂಬು, ಸಕ್ಕರೆಯಿಲ್ಲದ ಚಹಾ. ಬಾಡಿಗೆ ಅರ್ಧ ಹೇಳಿ, ಉಳಿದರ್ಧ ಇದರ ಜೊತೆಗಿದೆ.

ಮುಖ್ಯವಾಗಿ, ಬಾಗಿಲ ಚಿಲಕದ ಒಂದು ಸ್ಕ್ರೂ ಮರೆಯದೆ ಸಡಿಲ ಮಾಡಿಡಿ."