ನೂರಾ ನಲವತ್ತೆಂಟನೆಯ ಪುಟ

"ಅಕ್ಷರ ಇನ್ನಷ್ಟು ದೊಡ್ಡವು ಮಾಡ್ರಿ, ಅಕ್ಕಾರ," ಎಂದ ಬಸವಪ್ರಭು, ಡಿಟಿಪಿ ಅಂಗಡಿಯಲ್ಲಿ ಕೂರಲಾಗದೆ ಅಡ್ಡಾಡುತ್ತ. ಕಾದಂಬರಿ ಸ್ಪರ್ಧೆಗೆ ಕನಿಷ್ಠ ಇನ್ನೂರು ಪುಟ ಬೇಕು. ಇಂದೇ ಕೊನೆಯ ದಿನ, ಐದಕ್ಕೆ ಕೊರಿಯರ್ ಹೊರಡುತ್ತದೆ. ಆರು ವರ್ಷ ಬರೆದರೂ ಅವನ ಕಾದಂಬರಿ ನೂರಾ ತೊಂಬತ್ತೊಂದರಲ್ಲಿ ನಿಂತಿತ್ತು, ಮುಗಿದಿರಲಿಲ್ಲ.

ಟೈಪ್ ಮಾಡುವ ದೇವಕ್ಕ ಮೌಸ್ ಬಿಟ್ಟು ತಿರುಗಿದಳು. "ಸರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಕಾದಂಬರ್ಯಾಗಿನ ನೀಲವ್ವ ಮಗ್ಗ ಮಾರಿದ ಮ್ಯಾಲೆ ಏನ್ ಮಾಡ್ಯಾಳ್ರಿ? ಬರೇ ಕಿಟಕ್ಯಾಗ ನಿಂತಾಳ."

"ವಿಚಾರ ಮಾಡಾಕತ್ತಾಳ್ರಿ."

"ನಲವತ್ಮೂರು ಪುಟಾನ? ಆಕಿ ಕಾಲು ನೋಯೂದಿಲ್ಲೇನ್ರಿ? ಟೈಪ್ ಮಾಡಿ ನನ್ನ ಕೈ ನೋತಾವು."

ಅವಳದೇ ಒಂದು ತಪ್ಪು ತೋರಿಸಿ ಬಾಯಿ ಮುಚ್ಚಿಸಬೇಕೆಂದು ಅವನು ಹಳೆಯ ಕರಡನ್ನು ಎಳೆದುಕೊಂಡ. ಸಿಕ್ಕಿತು. ನೂರಾ ನಲವತ್ತೆಂಟನೆಯ ಪುಟದ ಅಡಿಯಲ್ಲಿ, ತಾನು ಬರೆಯದೇ ಇದ್ದ ಒಂದು ಪದ: 'ಮುಗಿಯಿತು'. ಅದರ ಮೇಲೆ ಅವನದೇ ಕೆಂಪು ಗೀರು.

"ಇದನ್ಯಾಕ ಸೇರಿಸಿದ್ರಿ?"

"ಮಗ್ಗ ಹೋತಲ್ರಿ, ಕಥಿ ಮುಗೀತು ಅನ್ಕೊಂಡೆ. ಮರುದಿನ ನೀವು ಮತ್ತೊಂದು ಕಂತೆ ತಂದ್ರಿ."

ಅವನು ಆ ಪುಟವನ್ನು ನಿಂತೇ ಓದಿದ. ಮುಂದಿನದನ್ನು ಓದಿದ, ನೀಲವ್ವ ಕಿಟಕಿಯಲ್ಲಿ ನಿಂತಿದ್ದಳು. ಅದರ ಮುಂದಿನದರಲ್ಲೂ ನಿಂತಿದ್ದಳು. ಜೇಬಿನಿಂದ ಕೆಂಪು ಪೆನ್ನು ತೆಗೆದು, ತಾನು ಗೀರಿದ್ದ ಪದದ ಕೆಳಗೆ ಸಾಲಾಗಿ ಚುಕ್ಕೆ ಇಟ್ಟ. ಹೊಡೆದು ಹಾಕಿದ್ದನ್ನು ಹಾಗೇ ಉಳಿಸಿ ಎನ್ನುವ ಕರಡು ತಿದ್ದುವವರ ಗುರುತು ಅದು.

"ಮತ್ತ ಕೊರಿಯರ್?" ಎಂದಳು ದೇವಕ್ಕ.

"ಹೋಗ್ಲಿ ಬಿಡ್ರಿ. ಅಕ್ಷರ ಮೊದಲಿನಷ್ಟ ಮಾಡ್ರಿ."